ಸೆರಗಿನ ಮೇಲಿನ ಅಳತೆ

ಪುಷ್ಯ ಮಾಸದ ನಸುಕು. ಬ್ಯಾಡಗಿಯ ಮೆಣಸಿನಕಾಯಿ ಪೇಟೆ ಕಣ್ಣಿಗೆ ಬೀಳುವ ಮೊದಲೇ ಮೂಗಿಗೆ ಬಡಿಯಿತು. ಮೋಟೆಬೆನ್ನೂರು ದಾಟಿ ಬಸ್ಸು ಊರಿನ ಕಡೆ ಹೊರಳಿದ್ದೇ ತಡ, ಹಿಂದಿನ ಸೀಟಿನಲ್ಲಿ ಒಬ್ಬರು ಸೀನಿದರು. ಅವರ ಬೆನ್ನಿಗೆ ಇನ್ನಿಬ್ಬರು. ಕಂಡಕ್ಟರ್ ಕೊಟ್ಟ ಶೂನ್ಯ ಟಿಕೆಟನ್ನು ಬ್ಲೌಸಿಗೆ ಸಿಕ್ಕಿಸಿಕೊಂಡ ಹೆಂಗಸರು ಸೆರಗನ್ನು ಮೂಗಿಗೆ ಒತ್ತಿಕೊಂಡರು. ನಾನು ಮಡಿಲಲ್ಲಿದ್ದ ಚೀಲವನ್ನು ಇನ್ನಷ್ಟು ಬಿಗಿಹಿಡಿದೆ. ಅದರೊಳಗೆ ಕುತ್ತಿಗೆಯಿಂದ ಕಂಕುಳದವರೆಗೆ ಮಾತ್ರ ಹೆಣೆದ, ಇನ್ನೂ ತೋಳೂ ಇಲ್ಲದ ಹೊಟ್ಟೆಯೂ ಇಲ್ಲದ ಅರ್ಧ ಸ್ವೆಟರ್ ಇತ್ತು.

ಪೇಟೆಯ ಅಂಗಳದಲ್ಲಿ ಆಗಲೇ ದೀಪ ಉರಿಯುತ್ತಿದ್ದವು. ಗೋಣಿಚೀಲಗಳ ಸಾಲು ಸಾಲು ಬೆಟ್ಟ. ಒಂದು ಕಡೆ ಡಬ್ಬಿ, ಗಿಡ್ಡನೆಯ ದಪ್ಪ ಕಾಯಿ, ಮೈತುಂಬ ಸುಕ್ಕು. ಇನ್ನೊಂದು ಕಡೆ ಕಡ್ಡಿ, ಉದ್ದಕ್ಕೆ ತೆಳ್ಳಗೆ. ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಸೂಚಿಯ ಮಾನ್ಯತೆ ಸಿಕ್ಕಿದೆ. ಖಾರ ಕಮ್ಮಿ, ಬಣ್ಣ ಜಾಸ್ತಿ ಎಂಬುದೇ ಅದರ ಹಿರಿಮೆ. ಆದರೆ ಅದರ ತುಂಬು, ಅಂದರೆ ತೊಟ್ಟು, ಬಿಡಿಸುತ್ತ ಇಡೀ ದಿನ ಕೂತವರನ್ನು ಕೇಳಿದರೆ ಖಾರ ಎಷ್ಟು ಕಮ್ಮಿ ಎನ್ನುವುದು ಗೊತ್ತಾಗುತ್ತದೆ. ಬೆರಳ ಸಂದಿಯ ಉರಿ ರಾತ್ರಿ ಎಣ್ಣೆ ಹಚ್ಚಿದರೂ ಇಳಿಯುವುದಿಲ್ಲ.

ನಮ್ಮ ಚಿಗವ್ವ ಅಲ್ಲಿ ತುಂಬು ಬಿಡಿಸುತ್ತಾಳೆ. ಅವಳ ಸಾಲಿನಲ್ಲಿ ಕೂತವರ ಮೈಮೇಲೆಲ್ಲ ಗಂಡಸರ ಅಂಗಿ. ಗಂಡನದೋ ಮಗನದೋ, ಕಾಲರ್ ಸವೆದದ್ದು, ಒಂದೆರಡು ಗುಂಡಿ ಹೋದದ್ದು, ಸೀರೆಯ ಮೇಲೆ ಹಾಕಿಕೊಂಡಿರುತ್ತಾರೆ. ನಮ್ಮ ಕಡೆ ಹೊಲದ ಕೆಲಸಕ್ಕೆ, ಪೇಟೆಯ ಕೆಲಸಕ್ಕೆ ಹೋಗುವ ಹೆಂಗಸರ ಉಡುಪೇ ಅದು. ಧೂಳಿಗೂ ಆಯಿತು, ಚಳಿಗೂ ಆಯಿತು. ಆ ಅಂಗಿಗಳ ಹೆಗಲ ಹೊಲಿಗೆ ಮಾತ್ರ ಯಾರ ಹೆಗಲ ಮೇಲೂ ಇರುವುದಿಲ್ಲ. ತೋಳಿನ ಮೇಲೆ ನಾಲ್ಕು ಬೆರಳು ಕೆಳಗೆ ಜಾರಿ ನಿಂತಿರುತ್ತದೆ. ಕೈ ಎತ್ತಿದಾಗೆಲ್ಲ ಅಂಗಿಯೇ ಮೇಲೇಳುತ್ತದೆ. ಬೇರೆಯವರ ಅಳತೆಯನ್ನು ಜೀವಮಾನವಿಡೀ ತೊಟ್ಟವರು ಇವರು. ಚಿಗವ್ವನಿಗಾದರೂ ಅವಳದೇ ಅಳತೆಯ ಒಂದು ಬೆಚ್ಚನೆಯ ಬಟ್ಟೆ ಇರಬೇಕು ಎಂದು ನಾನು ಹಟ ಹಿಡಿದದ್ದು ಅದಕ್ಕೇ.

ಕೊಂಡದ್ದನ್ನು ಕೊಟ್ಟೂ ನೋಡಿದ್ದೆ. ಚಳಿಗಾಲ ಬಂತೆಂದರೆ ನಮ್ಮ ಊರುಗಳಿಗೆ ಟಿಬೆಟಿಯನ್ನರ ಸ್ವೆಟರ್ ಅಂಗಡಿಗಳು ಬರುತ್ತವೆ. 1966ರಲ್ಲಿ ಮುಂಡಗೋಡದ ಹತ್ತಿರ ನೆಲೆಯಾದ ಅವರ ಶಿಬಿರ ನಮಗೆ ದೂರದ್ದೇನಲ್ಲ. ಸರಕು ಬಹಳ ಮಟ್ಟಿಗೆ ಲುಧಿಯಾನದ್ದು. ಹೋದ ವರ್ಷ ಅಲ್ಲಿಂದ ಒಂದು ಒಳ್ಳೆಯ ನೀಲಿ ಸ್ವೆಟರ್ ತಂದು ಕೊಟ್ಟೆ. ತಲೆಯಿಂದ ಹಾಕಿಕೊಳ್ಳುವಂಥದ್ದು. ಚಿಗವ್ವ ಒಂದು ದಿನ ಹಾಕಿಕೊಂಡಳು, ಮರುದಿನ ಮಡಚಿ ಟ್ರಂಕಿನಲ್ಲಿಟ್ಟಳು. ಯಾಕೆ ಎಂದು ಕೇಳಿದಾಗ ಹೇಳಿದ ಮಾತು ನನಗೆ ಇವತ್ತಿಗೂ ನೆನಪಿದೆ: "ಹತ್ತ ಗಂಟೇಕ ಬಿಸಲೇರಿದ ಮ್ಯಾಲ ತಗೀಬೇಕಲ್ಲವಾ. ತಲೀ ಮ್ಯಾಲಿಂದ ಎಳದರ ಅದರಾಗಿನ ಖಾರ ಎಲ್ಲಾ ಕಣ್ಣಾಗ."

ಒಂದು ಇಡೀ ಬೆಳಗು ಮೆಣಸಿನಕಾಯಿಯ ಧೂಳು ಕುಡಿದ ಉಣ್ಣೆಯನ್ನು ಮುಖದ ಮೇಲಿಂದ ಎಳೆಯುವುದು ಎಂದರೇನೆಂದು ಸ್ವೆಟರಿನ ಮಾದರಿ ಬರೆಯುವ ಯಾವ ದೇಶದವರಿಗೂ ಹೊಳೆದಿರಲಿಕ್ಕಿಲ್ಲ. ನನಗೂ ಹೊಳೆದಿರಲಿಲ್ಲ. ಹಾಗಾಗಿ ಈ ಸಲದ್ದು ಮುಂದೆ ತೆರೆದದ್ದು, ಗುಂಡಿ ಹಾಕುವಂಥದ್ದು. ಇದು ಮೊದಲ ಬದಲಾವಣೆ. ಸೂಜಿ ಹಿಡಿಯುವ ಮುನ್ನವೇ ಆದದ್ದು.

ಎರಡನೆಯ ತೀರ್ಮಾನ, ಮೇಲಿಂದ ಕೆಳಕ್ಕೆ ಹೆಣೆಯುವುದು. ಶಾಲೆಯ ಕ್ರಾಫ್ಟ್ ಪಿರಿಯಡ್‌ನಲ್ಲಿ ನಾವು ಕಲಿತದ್ದು ಬೇರೆ ಬಗೆ. ಕೆಳಗಿನ ಪಟ್ಟಿಯಿಂದ ಶುರುಮಾಡಿ ಬೆನ್ನು ಒಂದು ತುಂಡು, ಎದೆ ಒಂದು ತುಂಡು, ತೋಳು ಎರಡು ತುಂಡು ಮಾಡಿ ಕೊನೆಗೆ ಹೊಲಿದು ಕೂಡಿಸುವುದು. ಅದು ಸರಿಯಾಯಿತೋ ಇಲ್ಲವೋ ತಿಳಿಯುವುದು ಎಲ್ಲ ಮುಗಿದ ಮೇಲೆ. ರಾಗ್ಲನ್ ಎಂಬ ಬಗೆಯಲ್ಲಿ ಕುತ್ತಿಗೆಯಿಂದ ಹೊರಡಬಹುದು. ಬೆನ್ನು, ಮುಂಭಾಗ, ಎರಡು ತೋಳು ಎಲ್ಲವೂ ಒಂದೇ ಸೂಜಿಯ ಮೇಲೆ ಒಟ್ಟಿಗೆ ಬೆಳೆಯುತ್ತವೆ. ಕುತ್ತಿಗೆಯಿಂದ ಕಂಕುಳಕ್ಕೆ ಓರೆಯಾಗಿ ನಾಲ್ಕು ಗೆರೆ ಇಳಿಯುತ್ತವೆ, ಮುಂದೆ ಎರಡು, ಹಿಂದೆ ಎರಡು. ಸಾಲು ಬಿಟ್ಟು ಸಾಲಿಗೆ ಪ್ರತಿ ಗೆರೆಯ ಆಚೆಗೊಂದು ಈಚೆಗೊಂದು ಕುಣಿಕೆ ಹೆಚ್ಚಿಸುತ್ತ ಹೋಗಬೇಕು, ಒಂದು ಸಲಕ್ಕೆ ಎಂಟು. ಕಂಕುಳ ಬಂದಾಗ ತೋಳಿನ ಕುಣಿಕೆಗಳನ್ನು ಬೇರೆ ದಾರಕ್ಕೆ ಪೋಣಿಸಿಟ್ಟು ಮೈಯನ್ನು ಮುಂದುವರಿಸುವುದು. ಹೆಗಲ ಹೊಲಿಗೆ ಎನ್ನುವುದೇ ಇಲ್ಲ. ಜಾರಲು ಏನೂ ಇಲ್ಲ.

ಈ ತೋಳಿಗೆ ಹೆಸರು ಬಂದದ್ದು ಒಬ್ಬ ಇಂಗ್ಲಿಷ್ ಸೇನಾಪತಿಯಿಂದ. 1815ರ ವಾಟರ್‌ಲೂ ಯುದ್ಧದಲ್ಲಿ ಬಲಗೈ ಕಳೆದುಕೊಂಡು, ಮುಂದೆ ಕ್ರೈಮಿಯಾ ಯುದ್ಧಕ್ಕೆ ಸೇನೆ ನಡೆಸಿ 1855ರಲ್ಲಿ ಅಲ್ಲೇ ತೀರಿಕೊಂಡ ಲಾರ್ಡ್ ರಾಗ್ಲನ್. ಮೇಲಿಂದ ಕೆಳಕ್ಕೆ ಹೆಣೆಯುವ ವಿಧಾನವನ್ನು ಅಮೆರಿಕದ ಬಾರ್ಬರಾ ವಾಕರ್ 1972ರಲ್ಲಿ ಒಂದು ಪುಸ್ತಕವನ್ನಾಗಿ ಬರೆದು ಎಲ್ಲರ ಕೈಗೆ ಎಟುಕಿಸಿದರು. ಹೆಣೆಯುತ್ತಿರುವಾಗಲೇ ಮೈಮೇಲೆ ಹಾಕಿ ನೋಡಬಹುದು ಎನ್ನುವುದು ಈ ವಿಧಾನದ ದೊಡ್ಡ ಉಪಕಾರ. ಅದಕ್ಕೆಂದೇ ನಾನು ಬೆಳಗಿನ ಆರು ಗಂಟೆಗೆ ಹಾವೇರಿಯಿಂದ ಬ್ಯಾಡಗಿಗೆ ಬಂದದ್ದು. ಕೆಲಸ ಮಾಡುವವರ ಅಳತೆಯನ್ನು ಕೆಲಸದ ಜಾಗದಲ್ಲೇ ನೋಡಬೇಕು.

ಮೊದಲ ಚಹಾಕ್ಕೆ ಸಾಲು ಎದ್ದಿತು. ಚಿಗವ್ವ ಕೈ ತೊಳೆದು ಬಂದು ಗಂಡಸರ ಅಂಗಿ ಕಳಚಿ ನಿಂತಳು. ಸೆರಗು ಎಡ ಹೆಗಲ ಮೇಲೆ ಹಾದು, ಬೆನ್ನು ಬಳಸಿ ಸೊಂಟಕ್ಕೆ ಸಿಕ್ಕಿಕೊಂಡಿತ್ತು. "ಸೆರಗು ತೆಗಿಲೇನು?" ಎಂದಳು. ಬೇಡ, ಹಾಗೇ ಇರು ಎಂದೆ. ಅವಳು ಸ್ವೆಟರ್ ಹಾಕಿಕೊಳ್ಳುವುದೇ ಸೆರಗಿನ ಮೇಲೆ. ಬರಿಯ ಬ್ಲೌಸಿನ ಮೇಲೆ ಟೇಪು ಹಿಡಿದರೆ ಎದೆ 34 ಇಂಚು, ಸೆರಗಿನ ಮೇಲೆ ಹಿಡಿದರೆ 36. ನಾನು ಹಿಡಿದಿದ್ದ ಇಂಗ್ಲಿಷ್ ಮಾದರಿಯಲ್ಲಿ ಸೆರಗಿಗೆ ಲೆಕ್ಕವಿಲ್ಲ. ಆ ಎರಡು ಇಂಚನ್ನು ನಾವೇ ಸೇರಿಸಬೇಕು, ಅದರ ಮೇಲೆ ಮೈಗೆ ಸಡಿಲವಿರಲೆಂದು ಇನ್ನೆರಡು. ಒಟ್ಟು 38.

ಕುಣಿಕೆಗಳನ್ನೆಲ್ಲ ಕಿತ್ತಳೆ ಬಣ್ಣದ ದಾರಕ್ಕೆ ಪೋಣಿಸಿ ತಂದಿದ್ದ ಆ ಅರ್ಧ ಸ್ವೆಟರನ್ನು ಅವಳ ಹೆಗಲ ಮೇಲೆ ಹರವಿ, ಮುಂದೆ ಎರಡು ಪಿನ್ನು ಚುಚ್ಚಿದೆ. ಸುತ್ತ ಹೆಂಗಸರು ಚಹಾದ ಕಪ್ಪು ಹಿಡಿದು ನೆರೆದರು. ನೋಡುವುದಕ್ಕೆ ಚೆನ್ನಾಗಿಯೇ ಇತ್ತು. "ಚಲೋ ಕುಂತೈತಿ" ಎಂದರು ಒಬ್ಬರು. ಚಿಗವ್ವ ಮಾತಾಡಲಿಲ್ಲ, ಗಂಟಲ ಹತ್ತಿರ ಬೆರಳು ತೂರಿಸಿ ಕುತ್ತಿಗೆ ಆಚೀಚೆ ಹೊರಳಿಸಿದಳು.

"ಉಸರ ಹಿಡದಂಗ ಆಗತೈತವಾ."

"ಕುಂತ ನೋಡು ಚಿಗವ್ವಾ, ತುಂಬು ಬಿಡಸೂವಾಗ ಹೆಂಗ ಕುಂಡ್ರತೀ ಹಂಗ."

ಅವಳು ಕೂತಳು. ಬೆನ್ನು ಬಿಲ್ಲಾಯಿತು, ಹೆಗಲು ಎರಡೂ ಮುಂದಕ್ಕೆ ಬಂದವು. ಮೂವತ್ತು ವರ್ಷ ಬಗ್ಗಿ ದುಡಿದ ಮೈ ಅದು. ಬೆನ್ನಿನ ಕಡೆ ಉಣ್ಣೆ ಸಾಲದೆ ಸ್ವೆಟರ್ ಹಿಂದಕ್ಕೆ ಜಾರಿತು, ಜಾರಿದ್ದು ಮುಂದಿನ ಕುತ್ತಿಗೆಯನ್ನು ಗಂಟಲಿಗೆ ಎಳೆಯಿತು. ಕುತ್ತಿಗೆಯ ಪಟ್ಟಿ ಬಿಗಿಯಾಗಿಲ್ಲ. ಬೆನ್ನು ಗಿಡ್ಡವಾಗಿದೆ, ಅದು ಗಂಟಲಿನಲ್ಲಿ ಗೊತ್ತಾಗುತ್ತಿದೆ. ಟೇಪು ಹಿಡಿದು ನೋಡಿದೆ: ಕುತ್ತಿಗೆಯ ಬುಡದಿಂದ ಸೊಂಟಕ್ಕೆ ಹಿಂದೆ 16 ಇಂಚು, ಮುಂದೆ 14½. ಮಾದರಿಯ ಲೆಕ್ಕದಲ್ಲಿ ಎರಡೂ ಒಂದೇ.

ಎದ್ದು ನಿಂತು ಕೈ ಎತ್ತಲು ಹೇಳಿದೆ, ತಲೆಯ ಮೇಲೆ ಬುಟ್ಟಿ ಇಟ್ಟುಕೊಳ್ಳುವ ಹಾಗೆ. ಇಡೀ ಸ್ವೆಟರ್ ಕೈಯ ಜೊತೆ ಮೇಲೆದ್ದಿತು. ಹೆಂಗಸರು ನಕ್ಕರು. ತೋಳಿನ ಜಾಗದಲ್ಲಿ ಉಣ್ಣೆ ಚೀಲದ ಹಾಗೆ ಜೋತಿತ್ತು. "ಇದರಾಗ ಇನ್ನೊಬ್ಬಾಕಿ ಕೈ ಹಿಡಸತೈತಿ ನೋಡ" ಎಂದಳು ಚಿಗವ್ವ. ಅವಳ ತೋಳಿನ ಸುತ್ತಳತೆ 10 ಇಂಚು. ಮಾದರಿಯಂತೆ ಹೋದರೆ ಸ್ವೆಟರಿನ ತೋಳು 16 ಇಂಚಾಗುತ್ತಿತ್ತು.

ಇಲ್ಲಿ ಸ್ವಲ್ಪ ಲೆಕ್ಕ ಹೇಳಬೇಕು. ಹೆಣೆಯುವವರು ಹೆದರುವುದು ಇದಕ್ಕೇ, ಆದರೆ ಇದು ಸಂತೆಯ ಲೆಕ್ಕಕ್ಕಿಂತ ಕಷ್ಟದ್ದಲ್ಲ. ನನ್ನ ಕೈಗೆ, ನನ್ನ ಸೂಜಿಗೆ, ಈ ಉಲನ್ನಿಗೆ ನಾಲ್ಕು ಇಂಚಿನಲ್ಲಿ 20 ಕುಣಿಕೆ, 28 ಸಾಲು ಬರುತ್ತವೆ. ಅಂದರೆ ಇಂಚಿಗೆ 5 ಕುಣಿಕೆ, 7 ಸಾಲು. ಮಾದರಿ 32 ಸಲ ಹೆಚ್ಚಿಸಲು ಹೇಳಿತ್ತು. ಸಾಲು ಬಿಟ್ಟು ಸಾಲಿಗೆ ಎಂದರೆ 64 ಸಾಲು, ಒಂಬತ್ತು ಇಂಚಿಗೂ ಮೇಲೆ. ಕಂಕುಳ ಅಷ್ಟು ಕೆಳಗೆ ಇಳಿದದ್ದರಿಂದಲೇ ಕೈ ಎತ್ತಿದರೆ ಮೈಯೆಲ್ಲ ಏಳುತ್ತಿತ್ತು. ಕೈಯಾಡಲಿ ಎಂದು ಕಂಕುಳವನ್ನು ಆಳ ಮಾಡುವವರು ಬಹಳ ಜನ. ಅದು ತಪ್ಪು. ಕಂಕುಳ ಮೈಗೆ ಹತ್ತಿರವಿದ್ದಷ್ಟೂ ಕೈ ಸಲೀಸು. ಅಗಲ ಬೇಕಾದರೆ ಕಂಕುಳದ ಅಡಿಯಲ್ಲಿ ಹೊಸ ಕುಣಿಕೆ ಹಾಕಿಕೊಳ್ಳಬೇಕು.

ಹಾಗಾಗಿ 32ನ್ನು 28ಕ್ಕೆ ಇಳಿಸಿದೆ: 56 ಸಾಲು, ಸರಿಯಾಗಿ 8 ಇಂಚು. ಬೆನ್ನಿಗೆ ಶುರುವಿನಲ್ಲಿ 32 ಕುಣಿಕೆ, 28 ಸಲ ಎರಡೆರಡು ಸೇರಿ 88. ಮುಂದಿನ ಎರಡು ಭಾಗ ಕೂಡಿ 86. ಕಂಕುಳದಲ್ಲಿ ಮಾದರಿ ಹೇಳಿದ 4ರ ಬದಲು ಎರಡೂ ಕಡೆ ಎಂಟೆಂಟು. ಒಟ್ಟು 190, ಇಂಚಿಗೆ ಐದರಂತೆ 38 ಇಂಚು. ಎದೆ ಸರಿಹೋಯಿತು. ಉಳಿದದ್ದು ತೋಳು. ರಾಗ್ಲನ್ ಎಂದರೆ ಮೈ ಬೆಳೆದಷ್ಟೇ ತೋಳೂ ಬೆಳೆಯಬೇಕು ಎಂದು ತಿಳಿದವರಿದ್ದಾರೆ. ಹಾಗೇನಿಲ್ಲ. ಗೆರೆಯ ಮೈ ಕಡೆ ಪ್ರತಿಸಲ ಹೆಚ್ಚಿಸಿ, ತೋಳಿನ ಕಡೆ ಕೆಲವು ಸಲ ಬಿಟ್ಟುಬಿಡಬಹುದು. ಚಿಗವ್ವನಿಗೆ 12 ಇಂಚಿನ ತೋಳು ಸಾಕು, ಅಂದರೆ 60 ಕುಣಿಕೆ. ಕಂಕುಳದ 8 ಕಳೆದರೆ 52. ಶುರುವಾದದ್ದು 12ರಿಂದ. ಬೇಕಾದದ್ದು 40, ಸಲಕ್ಕೆರಡರಂತೆ 20 ಸಲ. ಇಪ್ಪತ್ತೆಂಟರಲ್ಲಿ ಎಂಟು ಸಲ ತೋಳಿನ ಕಡೆ ಸುಮ್ಮನೆ ಹೆಣೆದು ದಾಟಬೇಕು. ಆ ಎಂಟನ್ನೂ ಕೊನೆಗೆ ಒಟ್ಟಿಗೆ ಬಿಡದೆ ನಡುನಡುವೆ ಹಂಚಿದರೆ ಗೆರೆ ಸೊಟ್ಟಗಾಗುವುದಿಲ್ಲ.

ಚಹಾ ಮುಗಿದು ಸಾಲು ಮತ್ತೆ ಕೂತಿತು. ನಾನು ರಾಣೆಬೆನ್ನೂರಿನ ಬಸ್ಸು ಹತ್ತಿದೆ.

ಉಲನ್ ತರಬೇಕಿತ್ತು. ಹತ್ತಿಯ ಊರು, ಬೀಜದ ಊರು ಎಂದು ಹೆಸರಾದ ರಾಣೆಬೆನ್ನೂರಿನಲ್ಲಿ ಉಲನ್ ಸಿಗುವುದು ದಾರ, ಗುಂಡಿ, ಲೇಸು ಮಾರುವ ಓಣಿಯ ಅಂಗಡಿಗಳಲ್ಲಿ. ಪ್ಲಾಸ್ಟಿಕ್ ಚೀಲಗಳಲ್ಲಿ ತುಂಬಿದ ಬಣ್ಣಬಣ್ಣದ ಉಂಡೆಗಳು ಗೋಡೆಯುದ್ದಕ್ಕೂ ಮಾಡಿನವರೆಗೆ. ನನಗೆ ಬೇಕಾದದ್ದು ಡಬ್ಬಿ ಮೆಣಸಿನಕಾಯಿಯ ಬಣ್ಣ, ಧೂಳು ಕೂತರೂ ಕಾಣದಂಥ ಕಡುಗೆಂಪು. ಅಂಗಡಿಯವರು ನಾಲ್ಕು ಕೆಂಪು ತೆಗೆದು ಹಾಸಿದರು. ಮೊದಲು ಒಯ್ದಿದ್ದ ಉಂಡೆಯ ಪಟ್ಟಿ ಜೊತೆಗೇ ತಂದಿದ್ದೆ. ಬಣ್ಣದ ನಂಬರ್ ಒಂದೇ ಇದ್ದರೆ ಸಾಲದು, ಒಂದೇ ಹಂಡೆಯಲ್ಲಿ ಅದ್ದಿದ ಲಾಟೂ ಒಂದೇ ಆಗಬೇಕು. ಇಲ್ಲದಿದ್ದರೆ ಅಂಗಡಿಯ ಟ್ಯೂಬ್‌ಲೈಟಿನಲ್ಲಿ ಒಂದೇ ಕಂಡದ್ದು ಬಿಸಿಲಿನಲ್ಲಿ ಎರಡಾಗುತ್ತದೆ.

ಸೂಜಿಯ ಮಾತನ್ನೂ ಇಲ್ಲೇ ಹೇಳುತ್ತೇನೆ, ಯಾಕೆಂದರೆ ಎಷ್ಟೋ ಸ್ವೆಟರುಗಳು ಹಾಳಾಗುವುದು ಇದರಿಂದಲೇ. ನಮ್ಮ ಅಂಗಡಿಗಳ ಸೂಜಿಗೆ ಹಳೆಯ ಬ್ರಿಟಿಷ್ ನಂಬರ್. ನಂಬರ್ ಏರಿದಷ್ಟೂ ಸೂಜಿ ಸಣ್ಣ: 8 ಎಂದರೆ 4 ಮಿಲಿಮೀಟರ್, 10 ಎಂದರೆ 3.25. ಅಮೆರಿಕದ ನಂಬರ್ ಇದಕ್ಕೆ ತದ್ವಿರುದ್ಧ, ಅಲ್ಲಿ 8 ಎಂದರೆ 5 ಮಿಲಿಮೀಟರ್. ಹಿಂದೆ ತಮ್ಮನಿಗೆ ಅಮೆರಿಕದ ಮಾದರಿಯೊಂದನ್ನು ಇಲ್ಲಿಯ 8 ನಂಬರಿನ ಸೂಜಿಯಲ್ಲಿ ಹೆಣೆದೆ. 38 ಆಗಬೇಕಿದ್ದ ಎದೆ 34ಕ್ಕೆ ನಿಂತಿತು. ಎರಡು ತಿಂಗಳ ಸಂಜೆಗಳು ಹೋದವು. ಅಂದಿನಿಂದ ಮಿಲಿಮೀಟರ್ ನೋಡದೆ ಸೂಜಿ ಮುಟ್ಟುವುದಿಲ್ಲ. ಆರಿಂಚು ಚೌಕದ ತುಂಡೊಂದನ್ನು ಹೆಣೆದು, ಒಗೆದು, ಒಣಗಿಸಿ, ನಡುವಿನ ನಾಲ್ಕು ಇಂಚನ್ನು ಎಣಿಸದೆ ಕೆಲಸಕ್ಕೆ ಕೈಹಾಕುವುದಿಲ್ಲ.

ರಾಣೆಬೆನ್ನೂರು ತಾಲೂಕಿನ ಮೆಡ್ಲೇರಿ ಕಂಬಳಿಯ ಊರು. ಈ ಸೀಮೆಯಲ್ಲಿ ಉಣ್ಣೆ ಎಂದರೆ ಕುರುಬರ ಕರಿ ಕುರಿಯ ಉಣ್ಣೆ, ಕೈಯಿಂದ ನೂತು, ಹುಣಸೆ ಬೀಜದ ಗಂಜಿ ಹಚ್ಚಿ ಹುರಿಗಟ್ಟಿಸಿ, ಕುಣಿಮಗ್ಗದಲ್ಲಿ ನೇಯ್ದದ್ದು. ಕಾಗಿನೆಲೆ ಬ್ಯಾಡಗಿ ತಾಲೂಕಿನಲ್ಲೇ ಇದೆ. ಕನಕದಾಸರ ಯಾವ ಪಟ ನೋಡಿದರೂ ಹೆಗಲ ಮೇಲೆ ಕಂಬಳಿ. ರಾಣೆಬೆನ್ನೂರಿನ ಹತ್ತಿರದ ದೇವರಗುಡ್ಡದ ಮಾಲತೇಶನ ಗೊರವಯ್ಯಗಳು ತೊಡುವುದೂ ಕರಿ ಕಂಬಳಿಯ ನಿಲುವಂಗಿ. ಮಳೆ ಬಂದರೆ ಕಂಬಳಿಯ ಒಂದು ಮೂಲೆ ಮಡಚಿ ತಲೆಗೆ ಕೊಪ್ಪೆ, ಚಳಿಯಾದರೆ ಹೊದಿಕೆ, ಕೂತರೆ ಹಾಸು. ಅದಕ್ಕೆ ಅಳತೆಯ ಗೋಜೇ ಇಲ್ಲ. ಅಪ್ಪನದು ಮಗನಿಗೆ, ಮಗನದು ಮೊಮ್ಮಗನಿಗೆ. ನಾನು ಆ ಉಣ್ಣೆಯಲ್ಲೇ ಸ್ವೆಟರ್ ಹೆಣೆಯಬೇಕೆಂದು ಒಮ್ಮೆ ಆಸೆಪಟ್ಟಿದ್ದೆ. ಎಳೆ ಒರಟು, ಕುತ್ತಿಗೆಗೆ ಚುಚ್ಚುತ್ತದೆ. ಹೊದೆಯುವುದಕ್ಕೆ ಅದಕ್ಕಿಂತ ಒಳ್ಳೆಯದಿಲ್ಲ, ಮೈಗೆ ಅಂಟಿ ಕೂರುವುದಕ್ಕೆ ಆಗದು. ಒಂದು ವಿಷಯದಲ್ಲಿ ಮಾತ್ರ ಕಂಬಳಿಗೆ ಸರಿಸಾಟಿ ಇಲ್ಲ. ಕಿಡಿ ಬಿದ್ದರೆ ಕುರಿಯ ಉಣ್ಣೆ ಕಮಟು ವಾಸನೆ ಬಿಟ್ಟು ಆರಿಹೋಗುತ್ತದೆ, ನಮ್ಮ ಅಂಗಡಿಯ ಆಕ್ರಿಲಿಕ್ ಉಲನ್ ಹೊತ್ತಿಕೊಂಡು ಕರಗಿ ಚರ್ಮಕ್ಕೆ ಅಂಟುತ್ತದೆ. ನಸುಕಿನಲ್ಲಿ ಕಸಕಡ್ಡಿ ಹಚ್ಚಿ ಕೈ ಕಾಯಿಸಿಕೊಳ್ಳುವವರಿಗೆ ಇದು ಸಣ್ಣ ಮಾತಲ್ಲ. ಚಿಗವ್ವನ ತೋಳನ್ನು ಮಣಿಕಟ್ಟಿಗಿಂತ ಮೂರು ಇಂಚು ಮೊದಲೇ ನಿಲ್ಲಿಸಿ, ಬಿಗಿಯಾದ ಪಟ್ಟಿ ಕೊಡಬೇಕೆಂದು ನಿರ್ಧರಿಸಿದ್ದು ಅದಕ್ಕೇ. ಮೆಣಸಿನಕಾಯಿಯ ರಾಶಿಯಲ್ಲಿ ಅದ್ದುವ ಕೈಗೂ ಗಿಡ್ಡ ತೋಳೇ ಒಳ್ಳೆಯದು.

ಹಾವೇರಿಗೆ ಬಂದಾಗ ಪುರಸಿದ್ಧೇಶ್ವರನ ಗುಡಿಯ ಕಡೆ ಹೊತ್ತು ಇಳಿಯುತ್ತಿತ್ತು. ಊಟ ಮಾಡಿ, ದೀಪದ ಅಡಿಗೆ ಚಾಪೆ ಹಾಸಿಕೊಂಡು, ಹೆಣೆದದ್ದನ್ನೆಲ್ಲ ಬಿಚ್ಚಿದೆ. ಅರುವತ್ತನಾಲ್ಕು ಸಾಲು ಬಿಚ್ಚಲು ಅರ್ಧ ಗಂಟೆಯೂ ಬೇಕಾಗಲಿಲ್ಲ. ಬಿಚ್ಚುವಾಗ ಅವ್ವ ಪಕ್ಕದಲ್ಲಿ ಕೂತು ಉಂಡೆ ಸುತ್ತಿದಳು. "ಎಷ್ಟ ದಿನದ ಕೆಲಸ" ಎಂದು ಒಮ್ಮೆ ನಿಟ್ಟುಸಿರು ಬಿಟ್ಟಳೇ ಹೊರತು ಬೇಡ ಎನ್ನಲಿಲ್ಲ. ತಂಗಿಯ ಬೆನ್ನು ಎಷ್ಟು ಬಾಗಿದೆ ಎಂದು ಮಾತ್ರ ಕೇಳಿದಳು. ಒಂದೂವರೆ ಇಂಚು ಎಂದೆ. ಅವಳು ತನ್ನ ಬೆನ್ನನ್ನು ಗೋಡೆಗೆ ನೇರ ಮಾಡಿಕೊಂಡಳು.

ಒಂದೂವರೆ ಇಂಚು ಎಂದರೆ ಸುಮಾರು ಹತ್ತು ಸಾಲು. ಅದನ್ನು ಬೆನ್ನಿಗೆ ಮಾತ್ರ ಕೊಡಬೇಕು, ಎದೆಗೆ ಕೊಡಬಾರದು. ಅದಕ್ಕಿರುವ ಉಪಾಯ ಅರೆಸಾಲು. ಸಾಲಿನ ಕೊನೆಯವರೆಗೆ ಹೋಗದೆ ನಡುವೆಯೇ ತಿರುಗಿ ವಾಪಸು ಬರುವುದು. ತಿರುಗುವ ಕಡೆ ತೂತು ಬೀಳದಂತೆ ಮುಂದಿನ ಕುಣಿಕೆಗೆ ನೂಲನ್ನು ಒಮ್ಮೆ ಸುತ್ತಿ ಹೊರಳಬೇಕು. ಮರಳಿ ಆ ಜಾಗಕ್ಕೆ ಬಂದಾಗ ಸುತ್ತಿದ್ದನ್ನೂ ಕುಣಿಕೆಯನ್ನೂ ಸೇರಿಸಿ ಹೆಣೆಯಬೇಕು. ಆರು ಸಾಲನ್ನು ಕುತ್ತಿಗೆಯ ಬುಡದಲ್ಲೇ ಕೊಟ್ಟೆ. ಉಳಿದ ನಾಲ್ಕನ್ನು ಮೂರು ಇಂಚು ಇಳಿದ ಮೇಲೆ, ಹೆಗಲ ಮೂಳೆಗಳ ನಡುವೆ, ಬೆನ್ನು ಹೆಚ್ಚು ಉಬ್ಬಿರುವ ಕಡೆ. ಎಲ್ಲ ಹತ್ತನ್ನೂ ಕುತ್ತಿಗೆಯಲ್ಲೇ ಕೊಟ್ಟಿದ್ದರೆ ಅಲ್ಲಿ ಬಟ್ಟೆ ಗುಪ್ಪೆಯಾಗಿ ನಿಲ್ಲುತ್ತಿತ್ತು. ಬಾಗಿದ ಬೆನ್ನನ್ನು ಸ್ವೆಟರ್ ನೇರ ಮಾಡುವುದಿಲ್ಲ. ಆ ಬೆನ್ನಿಗೆ ಜಾಗ ಮಾಡಿಕೊಡುತ್ತದೆ. ಕೆಳಗಿನ ಪಟ್ಟಿ ಹಿಂದೆ ಮುಂದೆ ಒಂದೇ ಮಟ್ಟಕ್ಕೆ ನಿಂತರೆ ನೋಡುವವರಿಗೆ ಬೆನ್ನಿನ ಬಾಗು ಕಾಣುವುದೂ ಇಲ್ಲ.

ಹನ್ನೆರಡು ದಿನಕ್ಕೆ ಮತ್ತೆ ಕಂಕುಳ ಮುಟ್ಟಿದೆ. ಮುಂದಿನ ಸೋಮವಾರ, ಪೇಟೆಯ ದಿನ, ಮತ್ತದೇ ಬಸ್ಸು, ಅದೇ ಸೀನು, ಅದೇ ಚಹಾದ ಹೊತ್ತು. ಚಿಗವ್ವ ಹೇಳಿಸಿಕೊಳ್ಳದೆಯೇ ಕೂತು ನೋಡಿದಳು, ಎದ್ದು ನೋಡಿದಳು, ಎರಡೂ ಕೈ ತಲೆಯ ಮೇಲೆತ್ತಿ ನೋಡಿದಳು. ಕೆಳ ಅಂಚು ಒಂದು ಬೆರಳಿನಷ್ಟು ಎದ್ದಿತು, ಅಷ್ಟೇ. ಗಂಟಲಿಗೆ ಬೆರಳು ಹೋಗಲಿಲ್ಲ. ಎಡ ಹೆಗಲಲ್ಲಿ ಸೆರಗಿನ ದಪ್ಪಕ್ಕೆ ಗೆರೆ ತುಸು ಎಳೆದಂತೆ ಕಂಡಿತು. ನಾನು ಕಣ್ಣಿಟ್ಟು ನೋಡುತ್ತಿದ್ದಂತೆ ಅವಳೇ ಸೆರಗನ್ನು ಒಮ್ಮೆ ಒತ್ತಿ ಸರಿಮಾಡಿಕೊಂಡಳು.

"ಇದು ನಂದೈತಿ ನೋಡ" ಎಂದಳು. ಮುಂದೆ ಏನೂ ಹೇಳಲಿಲ್ಲ.

ಮೈ ಮುಗಿಯಿತು, ತೋಳು ಮುಗಿದವು, ಗುಂಡಿಯ ಪಟ್ಟಿಗೆ ಏಳು ಗುಂಡಿ ಹಚ್ಚಿದೆ, ಖಾರದ ಬೆರಳಿಗೆ ಬೇಗ ಸಿಗುವಂಥ ದೊಡ್ಡವು. ಅವಳು ಅದನ್ನು ಹಾಕಿಕೊಂಡು ಕೆಲಸಕ್ಕೆ ಹೋದ ಮೊದಲ ದಿನ ಹತ್ತು ಗಂಟೆಗೆ ಬಿಸಿಲೇರಿದಾಗ ಗುಂಡಿ ಬಿಚ್ಚಿ, ತೋಳು ಕಳಚಿ, ಸೊಂಟಕ್ಕೆ ಸುತ್ತಿಕೊಂಡಳಂತೆ. ಕಣ್ಣಿಗೆ ಏನೂ ಆಗಲಿಲ್ಲ. ಅವಳ ಪಕ್ಕ ಕೂರುವವರು ತಮಗೊಂದು ಬೇಕೆಂದಿದ್ದಾರೆ. ಅವರ ಅಳತೆ ನನ್ನ ಚೀಟಿಯಲ್ಲಿದೆ: ಸೆರಗಿನ ಮೇಲೆ ಎದೆ 40, ತೋಳು 13, ಬೆನ್ನು ಮುಂಭಾಗಕ್ಕಿಂತ ಒಂದು ಇಂಚು ಹೆಚ್ಚು, ಬಲ ಹೆಗಲು ಎಡಕ್ಕಿಂತ ಅರ್ಧ ಇಂಚು ಕೆಳಗೆ.